ಈಡೇಲ್ ಗ್ರಾಮದ ಕಾಲುದಾರಿಗಳು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮತ್ತು ಶೆಫೀಲ್ಡ್ ಎಂಬ ಎರಡು ಕೈಗಾರಿಕಾ ಮಹಾನಗರಗಳ ನಡುವೆ, ಡರ್ಬಿಷೈರ್ ಪ್ರಾಂತ್ಯದ ಬೆಟ್ಟಸಾಲುಗಳು ಎರಡು ಪಕ್ಕಗಳಿಂದಲೂ ಆವರಿಸಿಕೊಂಡಿರುವ ಒಂದು ಕಿರುಕಣಿವೆಯುಂಟು. ಅದರ ತಳದಲ್ಲಿ ಹರಿಯುವ ನೋ ಎಂಬ ಹೊಳೆಯ ಆಸುಪಾಸಿನಲ್ಲಿ ಐದು ಹಟ್ಟಿಗಳು ಚದುರಿ ನಿಂತಿವೆ. ಪೂರ್ವಕಾಲದಲ್ಲಿ ದನಗಾಹಿಗಳು ಕಟ್ಟಿಕೊಂಡ ಬಿಡಾರಗಳೇ ಬೆಳೆದು ಈ ಹಟ್ಟಿಗಳಾದುವು, ಈ ಹಟ್ಟಿಗಳೆಲ್ಲ ಸೇರಿ ಈಡೇಲ್ ಎಂಬ ಗ್ರಾಮವಾಯಿತು. ಉತ್ತರಕ್ಕೆ 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್ ಪ್ರಸ್ಥಭೂಮಿ, ದಕ್ಷಿಣಕ್ಕೆ 517 ಮೀಟರ್ ಎತ್ತರದ ಮ್ಯಾಮ್ ಟಾರ್ ಶಿಖರ ಮತ್ತು ಅದರಿಂದ ಮೂಡಲಿಗೆ ಚಾಚಿದ ದಿಣ್ಣೆ. 1894ರಲ್ಲಿ ಇಲ್ಲಿಗೆ ರೈಲು ಬಂದಂದಿನಿಂದ ನಗರದ ಜನ ವಾರಕ್ಕೊಮ್ಮೆ ಇಲ್ಲಿಳಿದು, ಗ್ರಾಮದ ಸುತ್ತಣ ಕಾಲುದಾರಿಗಳನ್ನು ಹಿಡಿದು ಬೆಟ್ಟವೇರುವುದು ವಾಡಿಕೆಯಾಗಿದೆ. ಇಂದು ವಿಹಾರಕ್ಕೆಂದೇ ಮಾಡಿದವೆಂಬಂತೆ ತೋರುವ ಈ ದಾರಿಗಳು ಹುಟ್ಟಿದ್ದು ದುಡಿಮೆಗಾಗಿ, ಉಳಿದದ್ದು ಹೋರಾಟದಿಂದ. ಈ ಅಧ್ಯಾಯದಲ್ಲಿ ವಿವರಿಸಹೊರಟಿರುವುದು ಅದನ್ನೇ.

ದುಡಿಮೆಯ ದಾರಿಗಳು

ಗ್ರಾಮದಿಂದ ದಕ್ಷಿಣಕ್ಕೆ ಹೊರಟು, ಹೊಲಗಳ ಕಲ್ಲುಗೋಡೆಗಳನ್ನು ಒಂದೊಂದಾಗಿ ದಾಟುತ್ತ ದಿಣ್ಣೆಯನ್ನೇರಿದರೆ, ಹಾಲಿನ್ಸ್ ಕ್ರಾಸ್ ಎಂಬ ಕಣಿವೆಬಾಯಿ ಸಿಗುತ್ತದೆ. ಹಲವು ದಾರಿಗಳು ಕೂಡುವ ಈ ಎಡೆಯಲ್ಲಿ ಇಂದು ಪ್ರವಾಸಿಗಳು ಕುಳಿತು ಬುತ್ತಿ ಬಿಚ್ಚುತ್ತಾರೆ. ಆದರೆ 1630ರ ದಶಕದಲ್ಲಿ ಈಡೇಲಿಗೆ ತನ್ನದೇ ಆದ ಪ್ರಾರ್ಥನಾಮಂದಿರವೂ ಸ್ಮಶಾನವೂ ದೊರೆಯುವವರೆಗೆ, ಗ್ರಾಮದಲ್ಲಿ ಸತ್ತವರ ಶವಪೆಟ್ಟಿಗೆಗಳನ್ನು ಹೊತ್ತು, ಹಿಮ ಬೀಳುವ ಚಳಿಗಾಲದಲ್ಲಿಯೂ ಇದೇ ಏರನ್ನು ಏರಿ, ಆಚೆಯ ಕಣಿವೆಯ ಚರ್ಚಿಗೆ ಒಯ್ಯಬೇಕಾಗಿತ್ತು. 18ನೆಯ ಶತಮಾನದ ಕೊನೆಯಲ್ಲಿ ಈಡೇಲಿನಲ್ಲಿ ಹತ್ತಿಯ ಗಿರಣಿಯೊಂದು ತಲೆಯೆತ್ತಿದಾಗ, ಆಚೆಬದಿಯ ಕ್ಯಾಸಲ್‌ಟನ್ನಿನ ಹೆಂಗಸರು ಕೂಲಿಗಾಗಿ ಅದೇ ದಾರಿಯನ್ನು ತುಳಿದರು. ಹೆಣ ಹೊತ್ತವರ ಹಾದಿ ಕೂಲಿಯವರ ಹಾದಿಯಾಯಿತು. ಕೂಲಿಯವರ ಹಾದಿ ಕಾಲಾಂತರದಲ್ಲಿ ವಿಹಾರಿಗಳದಾಯಿತು.

ಪಶ್ಚಿಮ ದಿಕ್ಕಿನ ದಾರಿಗೂ ಇಂತಹುದೇ ಕಥೆಯಿದೆ. ಮೋಟಾರು ಗಾಡಿಗಳಿಗಿಂತ ಬಹಳ ಹಿಂದೆ, ಚೆಷೈರಿನ ಉಪ್ಪನ್ನು ಯಾರ್ಕ್‌ಷೈರಿಗೆ ಸಾಗಿಸುತ್ತಿದ್ದ ಹೇರುಗುದುರೆಗಳ ಸಾಲು ಈ ಬೆಟ್ಟವನ್ನು ದಾಟುತ್ತಿತ್ತು. ಬೆಟ್ಟದ ಬುಡದಲ್ಲಿ ಹೊಳೆಗೆ ಅಡ್ಡಲಾಗಿ, ಒಂದು ಕುದುರೆ ಹಾಯುವಷ್ಟೇ ಅಗಲದ ಕಲ್ಲಿನ ಕಮಾನುಸೇತುವೆ ಈಗಲೂ ಇದೆ. ಅದನ್ನು ದಾಟಿದೊಡನೆ ದಾರಿ ಎರಡಾಗಿ ಸೀಳುತ್ತದೆ: ಒಂದು ಕಡಿದಾದ ಮೆಟ್ಟಿಲುಗಳಲ್ಲಿ ನೇರವಾಗಿ ಏರುತ್ತದೆ, ಇನ್ನೊಂದು ಬಳಸಿಕೊಂಡು ಸಾವಕಾಶವಾಗಿ ಹೋಗುತ್ತದೆ. ಅಲ್ಲಿಯ ರೈತನೂ ಹೇರುಗುದುರೆಯವನೂ ಆಗಿದ್ದ ಜೇಕಬ್ ಮಾರ್ಷಲ್ ಎಂಬುವನು, ಕುದುರೆಯನ್ನು ಬಳಸುದಾರಿಯಲ್ಲಿ ಬಿಟ್ಟು ತಾನು ಬೇಗನೆ ಮೇಲೇರಿ ವಿಶ್ರಮಿಸಿಕೊಳ್ಳುವುದಕ್ಕಾಗಿ ಈ ಮೆಟ್ಟಿಲುಗಳನ್ನು ಕಡಿದನೆಂದು ಪ್ರತೀತಿ. ಜೇಕಬ್ಸ್ ಲ್ಯಾಡರ್ ಎಂಬ ಹೆಸರು ಅದಕ್ಕೆ ಸ್ಥಿರವಾಗಿ ನಿಂತಿದೆ.

ಮುಚ್ಚಿದ ಬೆಟ್ಟ

19ನೆಯ ಶತಮಾನದಲ್ಲಿ ಈ ಬೆಟ್ಟಗಳ ಬಯಲು ಭೂಮಾಲಿಕರ ಖಾಸಗಿ ವಶಕ್ಕೆ ಸೇರಿ, ಗ್ರೌಸ್ ಎಂಬ ಹಕ್ಕಿಯ ಬೇಟೆಗೆ ಮೀಸಲಾಯಿತು. ವರ್ಷದಲ್ಲಿ ಕೆಲವೇ ದಿನ ನಡೆಯುವ ಬೇಟೆಗೋಸ್ಕರ ವರ್ಷವಿಡೀ ಕಾವಲುಗಾರರು ದೊಣ್ಣೆ ಹಿಡಿದು ನಿಲ್ಲುತ್ತಿದ್ದರು. ಗಿರಣಿಯ ಹೊಗೆಯಲ್ಲಿ ವಾರವೆಲ್ಲ ಉಸಿರಾಡಿ, ರವಿವಾರ ಒಂದು ದಿನ ಗಾಳಿ ಬೆಳಕುಗಳನ್ನು ಅರಸಿಕೊಂಡು ಬಂದ ಕಾರ್ಮಿಕನಿಗೆ, ಕಣ್ಣೆದುರಿಗೇ ಇದ್ದ ಬೆಟ್ಟ ನಿಷಿದ್ಧವಾಗಿತ್ತು. ಪಾರ್ಲಿಮೆಂಟಿನಲ್ಲಿ 1884ರಷ್ಟು ಹಿಂದೆಯೇ ಜೇಮ್ಸ್ ಬ್ರೈಸ್ ಬೆಟ್ಟಗಳಿಗೆ ಪ್ರವೇಶಾಧಿಕಾರ ಕೊಡುವ ಮಸೂದೆಯನ್ನು ಮಂಡಿಸಿದ್ದನಾದರೂ ಅದು ಫಲಿಸಲಿಲ್ಲ.

1932ರ ಏಪ್ರಿಲ್ 24ರಂದು, ಬೆನ್ನಿ ರಾಥ್‌ಮನ್ ಎಂಬ ಇಪ್ಪತ್ತು ವರ್ಷದ ತರುಣನ ಮುಂದಾಳುತನದಲ್ಲಿ ಕೆಲವು ನೂರು ಮಂದಿ ಪಶ್ಚಿಮದ ಹೇಫೀಲ್ಡ್ ಗ್ರಾಮದಿಂದ ಹೊರಟು ಕಿಂಡರ್ ಬೆಟ್ಟವನ್ನೇರಿದರು. ಈಡೇಲಿನ ಕಡೆಯಿಂದ ಹತ್ತಿಬಂದ ಶೆಫೀಲ್ಡಿನ ಗುಂಪೊಂದು ಮೇಲೆ ಅವರನ್ನು ಕೂಡಿಕೊಂಡಿತು. ಕಾವಲುಗಾರರೊಡನೆ ನೂಕಾಟವೂ ನಡೆಯಿತು. ಅನ್ಯರ ನೆಲದಲ್ಲಿ ಕಾಲಿಟ್ಟುದು ಆ ದೇಶದ ನ್ಯಾಯದಲ್ಲಿ ಸಿವಿಲ್ ವ್ಯಾಜ್ಯದ ವಿಷಯವಾಗಿದ್ದುದರಿಂದ, ದೊಂಬಿ ಮೊದಲಾದ ಆರೋಪಗಳನ್ನು ಹೊರಿಸಿ ಐವರನ್ನು ಸೆರೆಮನೆಗೆ ಕಳುಹಿಸಲಾಯಿತು. ನಡೆದುದಕ್ಕೆ ತಿಂಗಳುಗಟ್ಟಲೆ ಸೆರೆವಾಸವೆಂಬ ಈ ಸುದ್ದಿಯಿಂದ ಲೋಕಾಭಿಪ್ರಾಯವು ಕಾಲ್ನಡಿಗೆಯವರ ಕಡೆಗೆ ವಾಲಿತು. ಎಪ್ಪತ್ತು ವರ್ಷಗಳ ತರುವಾಯ, 2002ರಲ್ಲಿ, ಕಿಂಡರಿನ ಭೂಮಾಲಿಕ ಮನೆತನದ ಆಗಿನ ಡ್ಯೂಕ್ ಆಫ್ ಡೆವನ್‌ಷೈರ್ ತಮ್ಮ ಪೂರ್ವಿಕರ ನಡತೆಗಾಗಿ ಬಹಿರಂಗವಾಗಿ ಕ್ಷಮೆ ಯಾಚಿಸಿದರು.

ಹಕ್ಕಿನ ಸ್ವರೂಪ

ಬೆಟ್ಟದ ಬಯಲು ಮುಚ್ಚಿದ್ದಾಗಲೂ, ತಲೆತಲಾಂತರದಿಂದ ತುಳಿದ ಕಾಲುದಾರಿಯ ಹಕ್ಕು ಬೇರೆಯಾಗಿಯೇ ಇತ್ತು. ಅದೇ 1932ರಲ್ಲಿ ಅಂಗೀಕೃತವಾದ ಒಂದು ಶಾಸನವು, ಇಪ್ಪತ್ತು ವರ್ಷ ಎಡೆಬಿಡದೆ, ಯಾರ ಅನುಮತಿಯನ್ನೂ ಬೇಡದೆ, ಕದ್ದುಮುಚ್ಚಿ ಅಲ್ಲದೆ ಜನ ನಡೆದ ದಾರಿಯನ್ನು ಸಾರ್ವಜನಿಕವೆಂದು ಭಾವಿಸತಕ್ಕದ್ದೆಂದು ವಿಧಿಸಿತು. ನೆಲದ ಒಡೆತನ ಮಾಲಿಕನದು. ಹೋಗಿಬರುವ ಹಕ್ಕು ಎಲ್ಲರದು. 1949ರ ಶಾಸನವು ಇಂಗ್ಲೆಂಡ್ ಮತ್ತು ವೇಲ್ಸಿನ ಸ್ಥಳೀಯ ಸಂಸ್ಥೆಗಳು ಇಂತಹ ದಾರಿಗಳನ್ನೆಲ್ಲ ಅಳೆದು ಅಧಿಕೃತ ನಕ್ಷೆಯಲ್ಲಿ ದಾಖಲಿಸುವಂತೆ ಮಾಡಿತು. ಅದೇ ಶಾಸನದ ಮೇರೆಗೆ 1951ರಲ್ಲಿ ಈಡೇಲನ್ನೊಳಗೊಂಡ ಪೀಕ್ ಡಿಸ್ಟ್ರಿಕ್ಟ್ ಆ ದೇಶದ ಮೊತ್ತಮೊದಲಿನ ರಾಷ್ಟ್ರೀಯ ಉದ್ಯಾನವಾಯಿತು. ಬಯಲಿನಲ್ಲಿ ದಾರಿ ಬಿಟ್ಟು ಸ್ವೇಚ್ಛೆಯಾಗಿ ಅಲೆಯುವ ವ್ಯಾಪಕವಾದ ಹಕ್ಕಿಗೆ ಮಾತ್ರ 2000ದ ಶಾಸನದವರೆಗೆ ಕಾಯಬೇಕಾಯಿತು.

ಹೊಲದ ಮಟ್ಟದಲ್ಲಿ ಈ ಹಕ್ಕು ಬಹು ಸೂಕ್ಷ್ಮವಾದ ನಿಯಮಗಳಿಂದ ರಕ್ಷಿತವಾಗಿದೆ. ಹೊಲವನ್ನು ಅಡ್ಡಹಾಯುವ ಕಾಲುದಾರಿಯನ್ನು ರೈತನು ಉತ್ತರೆ, ಬಿತ್ತನೆಯ ಕೆಲಸಕ್ಕೆ ಮೊದಲ ಬಾರಿ ಕೈಹಾಕಿದ ಹದಿನಾಲ್ಕು ದಿನಗಳೊಳಗೆ, ಕನಿಷ್ಠ ಒಂದು ಮೀಟರ್ ಅಗಲಕ್ಕೆ, ಅದನ್ನು ಮತ್ತೆ ನಡೆಯುವಂತೆ ಸಮಮಾಡಿಕೊಡಬೇಕು. ಹೊಲದ ಅಂಚಿನ ದಾರಿಯನ್ನಂತೂ ಉಳಲೇಬಾರದು. ದನ ನುಸುಳದಂತೆ, ಮನುಷ್ಯ ದಾಟುವಂತೆ ಬೇಲಿಗೂ ಕಲ್ಲುಗೋಡೆಗೂ ಇಟ್ಟ ತಡಬೆಗಳನ್ನು ಸುಸ್ಥಿತಿಯಲ್ಲಿಡುವುದು ಭೂಮಾಲಿಕನ ಹೊಣೆ. ಅಪರಿಚಿತನಾದ ಪ್ರವಾಸಿಗೆ ಬಾಣದ ಗುರುತುಗಳೇ ಭಾಷೆ: ಹಳದಿ ಬಾಣವಿದ್ದರೆ ಕಾಲ್ನಡಿಗೆಗೆ ಮಾತ್ರ, ನೀಲಿಯಾದರೆ ಕುದುರೆಗೂ ಸೈಕಲಿಗೂ ಅವಕಾಶ. ಆರ್ಡ್‌ನೆನ್ಸ್ ಸರ್ವೆಯವರ 1:25,000 ಪ್ರಮಾಣದ ನಕ್ಷೆಯಲ್ಲಿ ಇವೇ ದಾರಿಗಳು ಹಸಿರು ತುಂಡುಗೆರೆಗಳಾಗಿ ಕಾಣುತ್ತವೆ.

ನೆಲದ ಆರೈಕೆ

1965ರಲ್ಲಿ ಪೆನೈನ್ ವೇ ಎಂಬ 268 ಮೈಲಿಯ ದೀರ್ಘಪಥವು ವಿಧ್ಯುಕ್ತವಾಗಿ ತೆರೆಯಿತು. 1935ರಲ್ಲಿಯೇ ಪತ್ರಿಕಾಲೇಖನವೊಂದರಲ್ಲಿ ಇದನ್ನು ಸೂಚಿಸಿದವನು ಟಾಮ್ ಸ್ಟೀಫನ್‌ಸನ್. ಈಡೇಲಿನಲ್ಲಿ ಮೊದಲಾಗಿ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹಾಮ್‌ವರೆಗೆ ಸಾಗುವ ಈ ಪಥವು ಗ್ರಾಮಕ್ಕೆ ಕೀರ್ತಿಯನ್ನು ತಂದಂತೆಯೇ ಕಷ್ಟವನ್ನೂ ತಂದಿತು. ಕಿಂಡರಿನ ಮೇಲ್ಭಾಗವು ಪೀಟ್ ಎಂಬ, ಕೊಳೆತ ಸಸ್ಯಗಳಿಂದಾದ ಕರಿಯ ಜೌಗುಮಣ್ಣು. ಅದನ್ನು ಹಿಡಿದಿಟ್ಟಿದ್ದ ಸ್ಫ್ಯಾಗ್ನಮ್ ಹಾವಸೆಯು ಸುತ್ತಣ ನಗರಗಳ ಗಿರಣಿಹೊಗೆಯ ಆಮ್ಲದಿಂದ ಬಹುಮಟ್ಟಿಗೆ ನಶಿಸಿಹೋಗಿತ್ತು. ಇಂತಹ ದುರ್ಬಲವಾದ ನೆಲದ ಮೇಲೆ ಸಹಸ್ರಾರು ಬೂಟುಗಳು ಬಿದ್ದಾಗ ದಾರಿಯು ಅಗಲವಾಗುತ್ತ ಕೆಸರಿನ ಹಳ್ಳವಾಯಿತು. ಆದಕಾರಣ ಪಥದ ಮೊದಲ ಭಾಗವನ್ನು ಜೇಕಬನ ಮೆಟ್ಟಿಲುಗಳ ಕಡೆಗೆ ತಿರುಗಿಸಿದರು. ಪಥದುದ್ದಕ್ಕೂ ಬಲು ಕೆಟ್ಟ ಜೌಗುಗಳಲ್ಲಿ, ಮುಚ್ಚಿಹೋದ ಬಟ್ಟೆಗಿರಣಿಗಳ ನೆಲಹಾಸಿನ ಚಪ್ಪಡಿಗಳನ್ನು ಹೆಲಿಕಾಪ್ಟರಿನಿಂದ ಇಳಿಸಿ ಹಾಸಿದರು. ಒಂದೊಂದು ಚಪ್ಪಡಿಯಲ್ಲಿ ಯಂತ್ರಗಳನ್ನು ಬಿಗಿದಿದ್ದ ತೂತುಗಳು ಈಗಲೂ ಕಾಣುತ್ತವೆ. ಹಾವಸೆಯನ್ನು ಕೊಂದ ಗಿರಣಿಗಳೇ, ಅದು ಮರಳಿ ಬೆಳೆಯುವ ನೆಲವನ್ನು ಕಾಯುವುದಕ್ಕೆ ಕಲ್ಲು ಕೊಟ್ಟಂತಾಯಿತು.

ಇದರಿಂದ ಸಿದ್ಧವಾಗುವ ಮಾತೆಂದರೆ, ಕಾಲುದಾರಿಗೆ ತುಳಿತ ಅತಿಯಾದರೂ ಕೇಡು, ಇಲ್ಲದಿದ್ದರೂ ಕೇಡು. ಕಿಂಡರಿನ ಪ್ರಸಿದ್ಧವಾದ ದಾರಿಗಳು ಸವೆಯುತ್ತಿರುವಾಗಲೇ, ನಾಲ್ಕು ಹೊಲಗಳ ಆಚೆ ಹಟ್ಟಿಯಿಂದ ಹಟ್ಟಿಗೆ ಹೋಗುವ ದಾರಿಯೊಂದು ತುರುಚೆಗಿಡ ಬೆಳೆದು ಮುಚ್ಚಿಹೋಗುವ ಸಂಭವವುಂಟು. ನಕ್ಷೆಯಲ್ಲಿನ ಗೆರೆಯೊಂದೇ ಅದನ್ನು ಬಹುಕಾಲ ಬದುಕಿಸಲಾರದು. ಈ ನಾಡಿಗೆ ಹೋಗುವ ಪ್ರವಾಸಿಯು ಉಣುಗೋಲನ್ನು ತೆಗೆದಂತೆಯೇ ಮುಚ್ಚಿ, ಕುರಿ ಈಯುವ ಕಾಲದಲ್ಲಿ ನಾಯಿಯನ್ನು ಹಗ್ಗದಲ್ಲಿ ಹಿಡಿದು ನಡೆಯುವುದರೊಂದಿಗೆ, ಶಿಖರವನ್ನೇರುವ ಒಂದು ದಿನದ ಬದಲು ಈ ಹೆಸರಿಲ್ಲದ ಹೊಲದಾರಿಗಳಲ್ಲಿ ಒಂದು ದಿನ ಸುತ್ತಾಡಿದರೆ, ಆ ಗ್ರಾಮಕ್ಕೆ ಅದೇ ದೊಡ್ಡ ಉಪಕಾರ.