ಗಾಯಾಳುವಿನ ಹಾಸಿಗೆಯ ಬಳಿ

ಅಪಘಾತದ ಸುದ್ದಿ ಬಂದೊಡನೆ ಕುಷ್ಟಗಿ, ಯಲಬುರ್ಗಾ, ಗಂಗಾವತಿಯ ಹಳ್ಳಿಗಳಿಂದ ಬಂಧುಗಳೆಲ್ಲ ಕ್ರೂಸರ್ ಮಾಡಿಕೊಂಡು ಕೊಪ್ಪಳದ ಜಿಲ್ಲಾಸ್ಪತ್ರೆಗೋ, ತಲೆಗೆ ಬಲವಾದ ಪೆಟ್ಟಾಗಿದ್ದರೆ ಹುಬ್ಬಳ್ಳಿ, ಬಳ್ಳಾರಿಗೋ ಧಾವಿಸುತ್ತಾರೆ. ಈ ಅಂತಃಕರಣ ದೊಡ್ಡದು. ಆದರೆ ಅವರ ಕೈಯಲ್ಲಿನ ಎಳನೀರು, ಗಂಜಿಯನ್ನು ಕಂಡರೆ ನಮಗೆ ಭಯವಾಗುತ್ತದೆ.

ಅರೆಪ್ರಜ್ಞೆಯಲ್ಲಿರುವವರಿಗೆ ನುಂಗುವ ಶಕ್ತಿ ಕುಂದಿರುತ್ತದೆ. “ತುಟಿ ಒಣಗ್ಯಾವು” ಎಂದು ಮಮತೆಯಿಂದ ಹನಿಸಿದ ನೀರು ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಎರವಾಗಬಹುದು. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗಲೂ ಹೊಟ್ಟೆ ಖಾಲಿಯಿರಬೇಕು. ವೈದ್ಯರು ಒಪ್ಪುವವರೆಗೆ ಪಾದೋದಕವೂ ಬೇಡ, ನಮ್ಮ ಆಯುರ್ವೇದದ ಕಷಾಯವೂ ಬೇಡ. ವಿಭೂತಿಯನ್ನು ಗಾಯವಿಲ್ಲದ ಹಣೆಗೆ ಹಚ್ಚಬಹುದು; ಗಾಯಕ್ಕೆ ಉದುರಿಸಲಾಗದು.

ಸ್ಕ್ಯಾನಿಂಗ್‌ಗೆ, ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಕೊರಳಿನ ಇಷ್ಟಲಿಂಗದ ಕರಡಿಗೆಯನ್ನು ತೆಗೆಸುತ್ತಾರೆ. ಇದಕ್ಕಾಗಿ ದಾದಿಯರೊಡನೆ ವಾಗ್ವಾದ ನಡೆದು ಅಮೂಲ್ಯ ಸಮಯ ಕಳೆದುದನ್ನು ನಾವು ಕಂಡಿದ್ದೇವೆ. ಮನೆಯ ಹಿರಿಯರೊಬ್ಬರು ಅದನ್ನು ಮಡಿವಸ್ತ್ರದಲ್ಲಿ ಸುತ್ತಿ ಜೋಪಾನವಾಗಿರಿಸಿ, ಚಿಕಿತ್ಸೆ ಮುಗಿದ ಮೇಲೆ ಮರಳಿ ಧರಿಸಿದರಾಯಿತು.

ಹಾಗಾದರೆ ಬಂಧುಗಳಿಗೆ ಕೆಲಸವಿಲ್ಲವೇ? ಸುಶ್ರುತ ಸಂಹಿತೆಯಲ್ಲಿ ಗಾಯಾಳುವಿನ ಆರೈಕೆಗೆಂದೇ ಒಂದು ಅಧ್ಯಾಯವಿದೆ. ಪ್ರಿಯವಾಗಿ ಮಾತನಾಡುವ ಆಪ್ತರು ಬಳಿಯಿದ್ದು ನೋವು ಮರೆಸಬೇಕೆಂಬುದು ಅದರ ವಿಧಿ. ಪ್ರಜ್ಞೆಯಿಲ್ಲದಂತೆ ತೋರಿದರೂ ಕಿವಿ ಕೇಳುತ್ತಿರಬಹುದು. ಆದ್ದರಿಂದ ಹಾಸಿಗೆಯ ಬಳಿ ರೋದಿಸುವುದು, “ಕಾಲು ತಗೀತಾರಂತ” ಎಂದು ಪಿಸುಗುಡುವುದು ಸಲ್ಲದು. ಕೈತೊಳೆದು ಒಬ್ಬರೋ ಇಬ್ಬರೋ ಒಳಹೋಗಿ, ಹೆಸರಿಡಿದು ಕರೆದು, ಹೊಲದ, ದನಕರುಗಳ, ಮಕ್ಕಳ ಸುದ್ದಿ ಹೇಳಿರಿ. ಹೊರಗೆ ಕುಳಿತವರಲ್ಲಿ 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಕಡಿಮೆಯಿಲ್ಲದ ತೂಕದ ಆರೋಗ್ಯವಂತರು ರಕ್ತನಿಧಿಯ ದಾರಿ ಹಿಡಿಯಬಹುದು.