ಚತುಃಸ್ನೇಹ ವಿಚಾರ

ಕನ್ನಡದ ‘ಬೆಣ್ಣೆ’ ಎಂಬ ಶಬ್ದವನ್ನು ಬಿಡಿಸಿದರೆ ‘ಬೆಳ್’ ಮತ್ತು ‘ನೆಯ್’ ಎಂಬ ಎರಡು ಪದಗಳು ದೊರೆಯುತ್ತವೆ. ‘ಎಣ್ಣೆ’ಯನ್ನು ಬಿಡಿಸಿದರೆ ‘ಎಳ್’ ಮತ್ತು ‘ನೆಯ್’. ಒಂದು ಬಿಳಿಯ ಜಿಡ್ಡು, ಇನ್ನೊಂದು ಎಳ್ಳಿನ ಜಿಡ್ಡು. ಮಾಂಸದೊಳಗಿನ ಕೊಬ್ಬಿಗೆ ‘ನೆಣ’ವೆಂಬ ಬೇರೆಯೇ ಮಾತುಂಟು. ನಮ್ಮ ‘ತುಪ್ಪ’ದ ಬಂಧುವಾದ ‘ತೂಪ್’ ಎಂಬ ಮರಾಠಿ ಶಬ್ದವನ್ನು ಮುಂಬಯಿ, ಪುಣೆಗಳ ಕನ್ನಡಿಗರು ದಿನವೂ ಕೇಳುತ್ತಾರೆ. ಜಿಡ್ಡಿನ ಬಗೆಗಳನ್ನು ಹೀಗೆ ಹೆಸರಿಟ್ಟು ವಿಂಗಡಿಸಿದ ಜನ ಅದರ ಬಳಕೆಯಲ್ಲಿಯೂ ವಿವೇಚನೆಯನ್ನು ಇಟ್ಟುಕೊಂಡಿದ್ದಿತೆ ಎಂಬುದು ಇಲ್ಲಿಯ ಪ್ರಶ್ನೆ. ಪ್ರಾಣಿಜನ್ಯ ಕೊಬ್ಬನ್ನು ಮುಖಕ್ಕೆ ಸವರುವುದೂ, ತುಪ್ಪವನ್ನು ಸರ್ವರೋಗನಿವಾರಕವೆಂದು ಹೊಗಳುವುದೂ ಮತ್ತೆ ಬಳಕೆಗೆ ಬರುತ್ತಿರುವ ಈ ದಿನಗಳಲ್ಲಿ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ.

ಚರಕಸಂಹಿತೆಯ ಸೂತ್ರಸ್ಥಾನದ 13ನೆಯ ಅಧ್ಯಾಯವು ಸ್ನೇಹದ್ರವ್ಯಗಳಿಗೇ ಮೀಸಲಾದುದು. ಘೃತ, ತೈಲ, ವಸೆ, ಮಜ್ಜೆ ಎಂಬ ನಾಲ್ಕು ಸ್ನೇಹಗಳನ್ನು ಅಲ್ಲಿ ಹೇಳಿದೆ. ತುಪ್ಪ, ಎಳ್ಳೆಣ್ಣೆ, ಮಾಂಸದ ನೆಣ, ಎಲುಬಿನೊಳಗಿನ ಸಾರ ಎಂದು ನಾವು ಇವನ್ನು ತಿಳಿಯಬಹುದು. ಇವುಗಳಲ್ಲಿ ಮೂರು ಪ್ರಾಣಿಜನ್ಯವೆಂಬುದು ಗಮನಾರ್ಹ. ಒಂದೊಂದಕ್ಕೂ ಬೇರೆ ಬೇರೆ ಕಾರ್ಯವನ್ನು ವಿಧಿಸಿದೆ. ತುಪ್ಪವು ಸ್ವರವನ್ನೂ ಮೈಬಣ್ಣವನ್ನೂ ತಿಳಿಗೊಳಿಸುವುದು. ಎಣ್ಣೆಯು ಚರ್ಮಕ್ಕೆ ಹಿತವಾದುದು. ವಸೆಯು ಪೆಟ್ಟು ಬಿದ್ದವರಿಗೆ, ಎಲುಬು ಮುರಿದವರಿಗೆ, ಕಿವಿನೋವು ತಲೆನೋವುಗಳಿಗೆ. ಮಜ್ಜೆಯು ವಿಶೇಷವಾಗಿ ಎಲುಬಿನ ಬಲಕ್ಕೆ. ಕಾಲನಿಯಮವೂ ಉಂಟು: ಶರತ್ಕಾಲದಲ್ಲಿ ತುಪ್ಪ, ಮಳೆಗಾಲದ ಮೊದಲಲ್ಲಿ ಎಣ್ಣೆ, ವೈಶಾಖದಲ್ಲಿ ವಸೆ ಮತ್ತು ಮಜ್ಜೆ.

ಇವೆಲ್ಲಕ್ಕಿಂತ ಸ್ವಾರಸ್ಯವಾದುದು ಪ್ರಮಾಣದ ವಿಚಾರ. ಕುಡಿದ ಸ್ನೇಹವು ಒಂದು ಹಗಲೂ ಒಂದು ರಾತ್ರಿಯೂ ಕಳೆದು ಜೀರ್ಣವಾದರೆ ಅದು ಉತ್ತಮ ಮಾತ್ರೆ. ಒಂದು ಹಗಲಿನಲ್ಲಿ ಜೀರ್ಣವಾದರೆ ಮಧ್ಯಮ. ಅರ್ಧ ಹಗಲಿನಲ್ಲಿ ಜೀರ್ಣವಾದರೆ ಹ್ರಸ್ವ. ಇಲ್ಲಿ ಅಳತೆಗೋಲಾದುದು ತಕ್ಕಡಿಯಲ್ಲ, ಕುಡಿದವನ ಜಠರಾಗ್ನಿ. ಅಗ್ನಿ ಮಂದವಾದವರಿಗೆ ಸ್ನೇಹಪಾನವನ್ನೇ ನಿಷೇಧಿಸಿದೆ. ಆದುದರಿಂದ ‘ಪ್ರಾಚೀನರು ತುಪ್ಪವನ್ನು ಯಥೇಚ್ಛವಾಗಿ ತಿನ್ನಿರೆಂದರು’ ಎಂಬುದು ಅರ್ಧಸತ್ಯ.

ಕನ್ನಡ ನಾಡಿನ ವೈದ್ಯಸಾಹಿತ್ಯದಲ್ಲಿ ಈ ವಿಚಾರಕ್ಕೆ ಒಂದು ವಿಶಿಷ್ಟವಾದ ತಿರುವು ದೊರೆಯಿತು. ರಾಷ್ಟ್ರಕೂಟ ನೃಪತುಂಗನ ಕಾಲದ ಉಗ್ರಾದಿತ್ಯನು ಸಂಸ್ಕೃತದ ‘ಕಲ್ಯಾಣಕಾರಕ’ದಲ್ಲಿ ಮಾಂಸವನ್ನು ಔಷಧವಾಗಿಯೂ ಬಳಸಬಾರದೆಂದು ವಾದಿಸಿದನು. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’ವೂ ಮದ್ಯ, ಮಾಂಸ, ಮಧುಗಳನ್ನು ಬಿಟ್ಟ ಚಿಕಿತ್ಸೆಯನ್ನೇ ಹೇಳುವುದು. ಅಹಿಂಸೆಯನ್ನು ವೈದ್ಯಕ್ಕೂ ಅನ್ವಯಿಸಿದ ಮೇಲೆ, ಕೊಂದಲ್ಲದೆ ದೊರೆಯದ ವಸೆ ಮಜ್ಜೆಗಳಿಗೆ ಅಲ್ಲಿ ಎಡೆಯೆಲ್ಲಿಯದು? ಪ್ರಾಣಿಜನ್ಯ ಸ್ನೇಹಗಳಲ್ಲಿ ಕರೆದು ಕಡೆದು ಪಡೆಯುವ ತುಪ್ಪವೊಂದೇ ಈ ಪರಂಪರೆಗೆ ಒಪ್ಪುವಂತಹುದಾಗಿ ಉಳಿಯಿತು.

ಆ ತುಪ್ಪದ ಗುಣವನ್ನು ಇಂದಿನ ಶಾಸ್ತ್ರದ ಬೆಳಕಿನಲ್ಲಿ ನೋಡೋಣ. ಬೆಣ್ಣೆಯಲ್ಲಿ ಸುಮಾರು ಶೇಕಡ 80 ಜಿಡ್ಡು. ಉಳಿದುದು ಬಹುಪಾಲು ನೀರು, ಸ್ವಲ್ಪ ಹಾಲಿನ ಅಂಶ. ಕಾಯಿಸಿದಾಗ ನೀರು ಆವಿಯಾಗಿ, ಹಾಲಿನ ಅಂಶ ಕೆಂಪೇರಿ ತಳದಲ್ಲಿ ಗಸಿಯಾಗಿ ನಿಲ್ಲುವುದು. ನೀರು ಹೋದುದರಿಂದಲೇ ತುಪ್ಪ ಬೇಗನೆ ಕೆಡದು. ಹಸುವಿನ ತುಪ್ಪದ ಹಳದಿ ಬಣ್ಣಕ್ಕೆ ಕೆರೊಟಿನ್ ಕಾರಣ. ಅದು ಎಮ್ಮೆಯ ತುಪ್ಪದಲ್ಲಿ ಇಲ್ಲದಿರುವುದರಿಂದ ಅದು ಬೆಳ್ಳಗಿರುವುದು. ತುಪ್ಪದಲ್ಲಿ ‘ಎ’ ಜೀವಸತ್ವವಿದೆ. ಸೊಪ್ಪು ತರಕಾರಿಗಳ ಕೆರೊಟಿನ್ ಮೈಗೆ ಹತ್ತಬೇಕಾದರೂ ಊಟದಲ್ಲಿ ಸ್ವಲ್ಪ ಜಿಡ್ಡು ಇರಬೇಕು. ಸೊಪ್ಪಿನ ಹುಳಿಯ ಅನ್ನಕ್ಕೆ ಒಂದು ಮಿಳ್ಳೆ ತುಪ್ಪ ಹಾಕುವ ರೂಢಿ ಅರ್ಥಹೀನವಲ್ಲ.

ಆದರೆ ಜಮೆಯ ಪಕ್ಕದಲ್ಲಿ ಖರ್ಚನ್ನೂ ಬರೆಯಬೇಕಷ್ಟೆ. ತುಪ್ಪದಲ್ಲಿ ಶೇಕಡ 60ಕ್ಕೂ ಮಿಕ್ಕಿ ಸಂತೃಪ್ತ ಕೊಬ್ಬು. ದಿನದ ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಈ ಬಗೆಯ ಕೊಬ್ಬಿನಿಂದ ಬರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿಯ ಆಹಾರಕ್ಕೆ ಇದು ಸುಮಾರು 22 ಗ್ರಾಂ. 30 ಗ್ರಾಂ ತುಪ್ಪವೊಂದೇ ಅದರಲ್ಲಿ 18 ಗ್ರಾಮಿಗೂ ಮೇಲ್ಪಟ್ಟುದನ್ನು ತುಂಬಿಬಿಡುವುದು. ಹಾಲು, ತೆಂಗಿನಕಾಯಿಗಳ ಲೆಕ್ಕ ಬೇರೆ. ಹೊಲದಲ್ಲಿ ದುಡಿದವನ ಮಾತ್ರೆ ಕುರ್ಚಿಯಲ್ಲಿ ಕುಳಿತು ಬರೆಯುವವನಿಗೆ ಸಲ್ಲದು. ಹಾಗೆಂದು ತುಪ್ಪದ ವೇಷ ತೊಟ್ಟ ವನಸ್ಪತಿ ಮೇಲೆಂದಲ್ಲ. ಅದರ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಇನ್ನೂ ಕೇಡು. 2022ರಿಂದ ಭಾರತದಲ್ಲಿ ಅದನ್ನು ಶೇಕಡ 2ರ ಮಿತಿಯೊಳಗೆ ಇಡಬೇಕೆಂದು ನಿಯಮವಾಗಿದೆ.

ತ್ವಚೆಯ ವಿಷಯದಲ್ಲಿ ಪ್ರಾಚೀನರು ತುಪ್ಪವನ್ನು ಇದ್ದ ಹಾಗೆಯೇ ಸವರಿ ತೃಪ್ತರಾಗಲಿಲ್ಲ. ‘ಶತಧೌತಘೃತ’ವೆಂದರೆ ನೂರು ಸಲ ತೊಳೆದ ತುಪ್ಪ. ತಾಮ್ರದ ಪಾತ್ರೆಯಲ್ಲಿ ತುಪ್ಪಕ್ಕೆ ನೀರೆರೆದು ನಾದಿ, ಆ ನೀರನ್ನು ಬಸಿದು, ಮತ್ತೆ ಹೊಸ ನೀರನ್ನು ಹಾಕಿ ನಾದುವರು. ಬರಬರುತ್ತ ಹರಳೂ ವಾಸನೆಯೂ ಕಳೆದು, ಬೆಣ್ಣೆಯಂತೆ ಬೆಳ್ಳಗಿನ ನುಣುಪಾದ ಲೇಪವಾಗುವುದು. ನೀರಿನ ಸೂಕ್ಷ್ಮ ಹನಿಗಳು ಜಿಡ್ಡಿನಲ್ಲಿ ಸೆರೆಯಾಗುವುದೇ ಇದರ ಮರ್ಮ. ಹಚ್ಚಿದಾಗ ನೀರು ಆರುತ್ತ ತಂಪನ್ನೀಯುವುದು. ಉಳಿದ ಜಿಡ್ಡು ಚರ್ಮದ ತೇವ ಆರಿಹೋಗದಂತೆ ತಡೆಯುವುದು. ಒಣಚರ್ಮಕ್ಕೂ ಒಡೆದ ಹಿಮ್ಮಡಿಗೂ ಇದು ಒಪ್ಪುವಂತಹುದು. ಆದರೆ ಆಗತಾನೆ ಸುಟ್ಟ ಗಾಯಕ್ಕೆ ಯಾವ ಜಿಡ್ಡನ್ನೂ ಹಚ್ಚಬಾರದು. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿದು ವೈದ್ಯರನ್ನು ಕಾಣುವುದೇ ಸರಿ. ಮೊಡವೆ ಏಳುವ ಮುಖಕ್ಕೂ ಗಟ್ಟಿಯಾದ ಕೊಬ್ಬು ಹಿತವಲ್ಲ.

ಕಾಲ, ದೇಹ, ಮಾತ್ರೆ, ಸಂಸ್ಕಾರ ಎಂಬ ನಾಲ್ಕರ ವಿವೇಚನೆಯೊಡನೆಯೇ ನಮ್ಮವರು ನಾಲ್ಕು ಸ್ನೇಹಗಳನ್ನು ಬಳಸಿದರೆಂಬುದು ಇದರಿಂದ ವ್ಯಕ್ತವಾಗುತ್ತದೆ. ಊರು ಬಿಟ್ಟು ಬರುವಾಗ ನಾವು ತುಪ್ಪದ ಭರಣಿಯನ್ನು ಮರೆಯದೆ ಹೊತ್ತು ತಂದೆವು. ಅದರೊಡನೆ ಇದ್ದ ಆ ಅಳತೆಯನ್ನು ಮಾತ್ರ ಮರೆತೆವು. ಪರಂಪರೆಯೆಂದು ಉಳಿಸಿಕೊಳ್ಳಬೇಕಾದುದು ಮುಖ್ಯವಾಗಿ ಆ ಅಳತೆಯನ್ನೇ.