ಅಳಿಲಿನ ಸಾರು, ಅಡುಗೆಯವರ ಹೆಸರು

ದಲಿತ ವಿಮರ್ಶೆಗೆ ಮೀಸಲಾದ ಸಂಚಿಕೆಯಲ್ಲಿ ಅಳಿಲಿನ ಬೇಟೆ, ಅಳಿಲಿನ ಸಾರು ಯಾಕೆ ಎಂದು ಕೆಲವರಿಗೆ ಅನಿಸಬಹುದು. ಅದೂ ಅಮೆರಿಕದ ಕಾಡಿನ ಅಳಿಲು. ಕಾರಣ ಇದು: ಊಟದ ಬಗ್ಗೆ ನಮ್ಮ ವಿಮರ್ಶೆಗೆ ಗೊತ್ತಿರುವುದು ಎರಡೇ ಮಾತು. ಒಂದು ಹಸಿವು, ಇನ್ನೊಂದು ಅವಮಾನ. ದಲಿತ ಲೇಖಕನೊಬ್ಬ ತನ್ನ ಮನೆಯ ಒಲೆಯ ಬಗ್ಗೆ ಬರೆದರೆ ಸಾಕು, 'ಹಸಿವಿನ ದಾರುಣ ಚಿತ್ರಣ' ಎಂದು ಷರಾ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಒಲೆಯ ಮೇಲೆ ಏನು ಬೇಯುತ್ತಿತ್ತು, ಅದನ್ನು ಹಿಡಿದವರು ಹೇಗೆ ಹಿಡಿದರು, ಹಸನು ಮಾಡಿದವರು ಹೇಗೆ ಮಾಡಿದರು, ಇದನ್ನ ಕೇಳುವವರೇ ಇಲ್ಲ. ಕಷ್ಟ ಕಾಣುತ್ತದೆ, ಕಸುಬು ಕಾಣುವುದಿಲ್ಲ.

ಕನ್ನಡದಲ್ಲಿ ಅಳಿಲು ಅಂದಕೂಡಲೇ ಬಾಯಿಗೆ ಬರೋದು 'ಅಳಿಲು ಸೇವೆ'. ಸೇತುವೆ ಕಟ್ಟುವಾಗ ಮೈಗಂಟಿದ ಮರಳನ್ನು ಒದರಿದ ಅಳಿಲಿನ ಬೆನ್ನನ್ನು ರಾಮ ಸವರಿದ, ಮೂರು ಗೆರೆ ಮೂಡಿದವು ಎಂಬ ಕತೆ ಎಲ್ಲರಿಗೂ ಗೊತ್ತು. ದುಡಿದದ್ದಕ್ಕೆ ಕೂಲಿ ಇಲ್ಲ, ಬೆನ್ನ ಮೇಲೆ ಒಡೆಯನ ಬೆರಳಿನ ಗುರುತು ಮಾತ್ರ ಇದೆ. ಕಸುಬನ್ನು 'ಸೇವೆ' ಎಂದು ಕರೆದಾಗ ಏನಾಗುತ್ತದೆ ಎಂಬುದಕ್ಕೆ ನನಗೆ ಸಿಕ್ಕ ಸ್ಪಷ್ಟವಾದ ಉದಾಹರಣೆ ಅಮೆರಿಕದ ವರ್ಜೀನಿಯಾ ರಾಜ್ಯದ್ದು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಅಮೆರಿಕದ ಕಪ್ಪುಜನರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ ಪಡೆಯಿತು. ಹೆಸರು ಪಡೆದ ನಾವು ಅವರ ಅಡುಗೆಮನೆಯನ್ನು ಇಣುಕಿ ನೋಡಿದ್ದು ಕಡಿಮೆ. ಆದ್ದರಿಂದ ಮೊದಲು ಕಸುಬನ್ನೇ ವಿವರಿಸುತ್ತೇನೆ. ರಾಜಕಾರಣ ಆಮೇಲೆ.

1

ಅಮೆರಿಕದ ಪೂರ್ವಭಾಗದ ಗಟ್ಟಿಮರದ ಕಾಡುಗಳು ಚಳಿಗಾಲಕ್ಕೆ ಎಲೆ ಉದುರಿಸುವ ಕಾಡುಗಳು. ಓಕ್, ಹಿಕರಿ, ಬೀಚ್, ಕರಿ ಅಕ್ರೋಟು ಅಲ್ಲಿನ ಮುಖ್ಯ ಮರಗಳು. ಚೆಸ್ಟ್‌ನಟ್ ಕೂಡ ಹೇರಳವಾಗಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಅರ್ಧ ಶತಮಾನದೊಳಗೆ ಅದನ್ನು ಹೆಚ್ಚುಕಡಿಮೆ ಅಳಿಸಿಹಾಕಿತು. ಈ ಮರಗಳ ಕಾಯಿಯೇ ಅಳಿಲಿನ ಜೀವ. ಒಂದು ವರ್ಷ ಕಾಯಿ ಚೆನ್ನಾಗಿ ಬಿಟ್ಟರೆ ಮರುವರ್ಷ ಅಳಿಲು ಹೆಚ್ಚು, ಕಾಯಿ ತಪ್ಪಿದರೆ ಅಳಿಲೂ ಕಡಿಮೆ. ನಮ್ಮ ಗೆರೆ ಅಳಿಲು ತೂಗುವುದು ನೂರು ಗ್ರಾಂ ಆಸುಪಾಸು. ಅಲ್ಲಿನ ಬೂದು ಅಳಿಲು ಅರ್ಧ ಕಿಲೋ, ಅದಕ್ಕಿಂತ ದೊಡ್ಡದಾದ ಕೆಂಗಂದು ಬಣ್ಣದ ಅಳಿಲು ಒಂದು ಕಿಲೋವರೆಗೂ ತೂಗುತ್ತದೆ. ಸಾರು ಮಾಡಲಿಕ್ಕಾಗುವ ಪ್ರಾಣಿ.

ಬೇಟೆಯ ಗುಟ್ಟು ಗುರಿಗಿಂತ ಹೆಚ್ಚಾಗಿ ಸುಮ್ಮನೆ ಕೂರುವುದರಲ್ಲಿದೆ. ಬೆಳಕು ಹರಿಯುವ ಮೊದಲೇ ಹೋಗಿ ಕಾಯಿ ಬಿಟ್ಟ ಹಿಕರಿ ಮರ ಕಾಣುವ ಜಾಗದಲ್ಲಿ ಇನ್ನೊಂದು ಮರಕ್ಕೆ ಒರಗಿ ಕೂರಬೇಕು. ಅಳಿಲು ಕಣ್ಣಿಗೆ ಬೀಳುವ ಮುಂಚೆ ಕಿವಿಗೆ ಬೀಳುತ್ತದೆ: ಮೇಲೆ ಕೂತು ಕಾಯಿ ಕೊರೆಯುವಾಗ ಸಿಪ್ಪೆಯ ಚೂರುಗಳು ಎಲೆಗಳ ಮೇಲೆ ಸಣ್ಣ ಮಳೆಯ ಹಾಗೆ ಉದುರುತ್ತವೆ. ಮನುಷ್ಯನ ಸುಳಿವು ಸಿಕ್ಕರೆ ಅದು ಬೊಡ್ಡೆಯ ಆಚೆ ಬದಿಗೆ ಸರಿಯುತ್ತದೆ. ನೀವು ಸುತ್ತಿದರೆ ಅದೂ ಸುತ್ತುತ್ತದೆ. ಆಗ ಇಬ್ಬರು ಬೇಕು. ಒಬ್ಬ ನಿಂತಲ್ಲೇ ನಿಲ್ಲುತ್ತಾನೆ, ಇನ್ನೊಬ್ಬ ಮರದ ಆಚೆಗೆ ನಡೆಯುತ್ತಾನೆ. ಒಬ್ಬನೇ ಇದ್ದರೆ ಆಚೆ ಬದಿಗೆ ಒಂದು ಕೋಲು ಎಸೆಯಬೇಕು. ಮರದ ಮೇಲಿನ ಅಳಿಲನ್ನು ಬೊಗಳಿ ತೋರಿಸುವ ಸಣ್ಣ ತಳಿಯ ನಾಯಿಗಳೂ ಇವೆ. ಈಗ ಇದಕ್ಕೆಲ್ಲ ಪರವಾನಗಿ, ದಿನಕ್ಕೆ ಇಷ್ಟೇ ಎಂಬ ಮಿತಿ ಇದೆ. ಹಲವು ರಾಜ್ಯಗಳಲ್ಲಿ ಬೇಟೆಯ ಕಾಲ ಆಗಸ್ಟ್ ಇಲ್ಲವೇ ಸೆಪ್ಟೆಂಬರಿಗೆ ಶುರುವಾಗಿ ಚಳಿಗಾಲದವರೆಗೆ ನಡೆಯುತ್ತದೆ. ಬೇಸಿಗೆಯ ಅಳಿಲಿನ ಚರ್ಮದಡಿ ಒಂದು ಜಾತಿಯ ನೊಣದ ಹುಳು ಇರುತ್ತದೆ ಎಂದು ಅನುಭವಸ್ಥರು ಚಳಿ ಬೀಳುವವರೆಗೆ ಕಾಯುತ್ತಾರೆ.

ಈ ವಿದ್ಯೆ ಬಂದೂಕಿಗಿಂತ ಹಳೆಯದು. ಚೆರೋಕಿ ಜನ ನದಿದಂಡೆಯ ಬಿದಿರಿನಂಥ ಗಿಡದಿಂದ ಊದುಕೊಳವೆ ಮಾಡಿ, ಮುಳ್ಳುಗಿಡದ ಹತ್ತಿ ಸುತ್ತಿದ ಕಡ್ಡಿಬಾಣವನ್ನು ಊದಿ ಅಳಿಲು, ಹಕ್ಕಿ ಹೊಡೆಯುತ್ತಿದ್ದರು. 1830ರ ಕಾನೂನು, 1838-39ರ ಬಲವಂತದ ಗಡೀಪಾರು ಅವರನ್ನು ಆ ಕಾಡಿನಿಂದಲೇ ಎಬ್ಬಿಸಿತು. ಕಾಡು ಉಳಿಯಿತು, ಅಳಿಲು ಉಳಿಯಿತು. ಮೊದಲು ಬಲ್ಲವರಲ್ಲಿ ಬಹುಪಾಲು ಜನ ಹೋದರು.

2

ಹಸನು ಮಾಡುವುದು ಕಷ್ಟದ ಕೆಲಸ. ಅಳಿಲಿನ ಚರ್ಮ ಬಿಗಿ, ಕೂದಲು ಮಾಂಸಕ್ಕೆ ಅಂಟಿದರೆ ಬಿಡುವುದಿಲ್ಲ. ಅದಕ್ಕೇ ಮೊದಲು ಮೈಯನ್ನು ನೀರಲ್ಲಿ ತೋಯಿಸುತ್ತಾರೆ. ಬಾಲದ ಕೆಳಗೆ ಕುಯ್ದು, ಬಾಲದ ಮೂಳೆ ಕತ್ತರಿಸಿ, ಮೇಲಿನ ಚರ್ಮ ಹಾಗೇ ಬಿಡಬೇಕು. ಬಾಲದ ಮೇಲೆ ಕಾಲಿಟ್ಟು ಹಿಂಗಾಲುಗಳನ್ನು ಹಿಡಿದು ಮೇಲಕ್ಕೆಳೆದರೆ ಅಂಗಿ ಕಳಚಿದ ಹಾಗೆ ಚರ್ಮ ಮುಂಗಾಲುವರೆಗೂ ಬರುತ್ತದೆ. ಉಳಿದದ್ದನ್ನು ಚಡ್ಡಿ ಎಳೆದ ಹಾಗೆ ಹಿಂದಕ್ಕೆ ಎಳೆಯಬೇಕು. 1931ರಲ್ಲಿ ಮೊದಲು ಅಚ್ಚಾದ 'ಜಾಯ್ ಆಫ್ ಕುಕಿಂಗ್' ಎಂಬ ಪ್ರಸಿದ್ಧ ಅಡುಗೆ ಪುಸ್ತಕದ ಕೆಲವು ಹಳೆಯ ಮುದ್ರಣಗಳಲ್ಲಿ ಬೂಟುಗಾಲಿನ ಚಿತ್ರದ ಸಮೇತ ಇದರ ವಿವರಣೆ ಇತ್ತು. ಕೈಗೆ ಗವಸು ಹಾಕಿಕೊಳ್ಳುವುದು ಒಳ್ಳೆಯದು. ಮೊಲ, ಅಳಿಲುಗಳಿಂದ ಟುಲರೇಮಿಯ ಎಂಬ ಜ್ವರ ಅಂಟಬಹುದು. ಆಮೇಲೆ ನಾಲ್ಕು ಕಾಲು, ಬೆನ್ನು, ಪಕ್ಕೆ ಎಂದು ತುಂಡು ಮಾಡುತ್ತಾರೆ.

ಎಳೆಯದಾದರೆ ಹಿಟ್ಟಿನಲ್ಲಿ ಹೊರಳಿಸಿ ಬೀಡಿನ ಬಾಣಲೆಯಲ್ಲಿ ಹಂದಿಕೊಬ್ಬು ಹಾಕಿ ಕರಿಯುತ್ತಾರೆ. ಬಾಣಲೆಯ ತಳದಲ್ಲಿ ಕಚ್ಚಿಕೊಂಡದ್ದಕ್ಕೆ ಹಿಟ್ಟು, ಹಾಲು ಸೇರಿಸಿ ಕದಡಿದರೆ ಗೊಜ್ಜು ಸಿದ್ಧ. ಬಲಿತದ್ದಾದರೆ ಅವಸರ ಕೂಡದು. ಸಣ್ಣ ಉರಿಯಲ್ಲಿ ಮೂಳೆಯಿಂದ ಮಾಂಸ ತಾನಾಗಿ ಬಿಡುವತನಕ ಬೇಯಬೇಕು. ಎಳೆಯದಾವುದು, ಬಲಿತದ್ದಾವುದು ಎಂದು ಚರ್ಮ ಎಳೆಯುವಾಗಲೇ ಕೈಗೆ ಗೊತ್ತಾಗುತ್ತದೆ. ಸುಲಭವಾಗಿ ಬಂದರೆ ಬಾಣಲೆಗೆ, ಹಟ ಹಿಡಿದರೆ ಮಡಕೆಗೆ. ಇಂಥ ತಿಳಿವಳಿಕೆಯನ್ನು ಪುಸ್ತಕ ಕೊಡುವುದಿಲ್ಲ, ಕೈ ಕೊಡುತ್ತದೆ.

ಇದು ನನಗೆ ಹೊಸದಲ್ಲ. ಭತ್ತದ ಕೊಯ್ಲಾದ ಮೇಲೆ ನಮ್ಮಜ್ಜ ಗದ್ದೆಬದುವಿನ ಬಿಲದ ಬಾಯಲ್ಲಿ ಮಣ್ಣು ಮುಟ್ಟಿ ನೋಡಿ, ಒಳಗೆ ಇಲಿ ಐತೋ ಇಲ್ವೋ ಅಂತ ಹೇಳುತ್ತಿದ್ದರು. ಒಂದು ಬಾಯಿಗೆ ಹೊಗೆ, ಇನ್ನೊಂದು ಬಾಯಲ್ಲಿ ಕೈ. ಇಲಿಯ ಜತೆ ಅದು ಕೂಡಿಟ್ಟ ತೆನೆಯೂ ಬರುತ್ತಿತ್ತು. ಅಜ್ಜನ ಬದುಕಿನಲ್ಲಿ ಹಸಿವು ಇತ್ತು, ನಿಜ. ಆದರೆ ಬಿಲದ ಮುಂದೆ ಕೂತಾಗ ಅವರ ಮುಖದಲ್ಲಿದ್ದದ್ದು ಬಲ್ಲವನ ಗತ್ತು.

3

ಈಗ ರಾಜಕಾರಣಕ್ಕೆ ಬರುತ್ತೇನೆ. ಅಳಿಲು ಹಗಲು ಓಡಾಡುವ ಪ್ರಾಣಿ. ಗುಲಾಮಗಿರಿಯ ಕಾಲದಲ್ಲಿ ಹಗಲು ಒಡೆಯನದು. ಹೊಲದ ಕೆಲಸ ಮುಗಿದ ಮೇಲಿನ ರಾತ್ರಿ, ಹೆಚ್ಚೆಂದರೆ ಭಾನುವಾರ, ಗುಲಾಮನದು. ಕೊಡುತ್ತಿದ್ದ ಪಡಿ ಮೆಕ್ಕೆಜೋಳದ ಹಿಟ್ಟು, ಉಪ್ಪು ಹಾಕಿದ ಹಂದಿಮಾಂಸ. ಅದು ಸಾಲದೆ ಅವರು ರಾತ್ರಿ ತಿರುಗುವ ಪಾಸಮ್ ಎಂಬ ಪ್ರಾಣಿಯನ್ನು ನಾಯಿ, ದೊಣ್ಣೆ, ಉರುಲುಗಳಿಂದ ಹಿಡಿಯುತ್ತಿದ್ದರು; ಬಿಡುವು ಸಿಕ್ಕ ಹಗಲು ಮೊಲ, ಅಳಿಲು. 1936ರಿಂದ 1938ರವರೆಗೆ ಸರಕಾರದ ಲೇಖಕರ ಯೋಜನೆಯೊಂದು ಹಿಂದೆ ಗುಲಾಮರಾಗಿದ್ದ ಎರಡು ಸಾವಿರಕ್ಕೂ ಹೆಚ್ಚು ಮುದುಕ ಮುದುಕಿಯರ ಮಾತನ್ನು ಬರೆದುಕೊಂಡಿತು. ಅದರಲ್ಲಿ ಈ ಬೇಟೆಯ ನೆನಪುಗಳು ಮತ್ತೆ ಮತ್ತೆ ಬರುತ್ತವೆ. ಯಾವ ಪ್ರಾಣಿ ಯಾರ ತಟ್ಟೆಗೆ ಸುಲಭವಾಗಿ ಸೇರುತ್ತದೆ ಅನ್ನೋದನ್ನ ನಾಲಗೆ ನಿರ್ಧರಿಸಲಿಲ್ಲ. ಹಗಲು ಯಾರದು, ಬಂದೂಕು ಯಾರದು ಅನ್ನೋದು ನಿರ್ಧರಿಸಿತು. ಆಮೇಲೆ ಬಿಳಿಯರ ನಾಟಕ, ಹಾಡುಗಳು ಪಾಸಮ್ ತಿನ್ನುವ ಕಪ್ಪುಮನುಷ್ಯನನ್ನು ಗೇಲಿಯ ಗೊಂಬೆ ಮಾಡಿದವು. ಅಳಿಲು ಹೊಡೆಯುವ ಬಿಳಿಯ ಮಾತ್ರ ಗುರಿಕಾರನಾದ, ನಾಡು ಕಟ್ಟಿದ ವೀರನಾದ.

ಓಹಿಯೋ ರಾಜ್ಯವನ್ನೇ ನೋಡಿ. ಮೆಕ್ಕೆಜೋಳ ತಿನ್ನುವ ಅಳಿಲುಗಳ ಕಾಟ ತಾಳದೆ ಅದು 1807ರಲ್ಲಿ ತೆರಿಗೆಯ ಜತೆ ಅಳಿಲಿನ ನೆತ್ತಿಚರ್ಮವನ್ನೂ ಒಪ್ಪಿಸಬೇಕೆಂದು ಕಾನೂನು ಮಾಡಿತ್ತು. 1862ರ ಸೆಪ್ಟೆಂಬರಿನಲ್ಲಿ, ಅಂತರ್ಯುದ್ಧದ ನಡುವೆ, ದಕ್ಷಿಣದ ಸೇನೆ ಸಿನ್ಸಿನಾಟಿ ನಗರದ ಹತ್ತಿರ ಬಂದಾಗ ಹಳ್ಳಿಗಳಿಂದ ಸುಮಾರು 15,000 ಜನ ಬಂದೂಕು ಹಿಡಿದು ಬಂದರು. ಅವರಿಗೆ 'ಅಳಿಲು ಬೇಟೆಗಾರರು' ಎಂದೇ ಹೆಸರು. ರಾಜ್ಯ ಅವರಿಗೆ ಗೌರವದ ಪ್ರಮಾಣಪತ್ರ ಕೊಟ್ಟಿತು. ಅದೇ ಊರಿನಲ್ಲಿ, ಅದೇ ವಾರ, ಪೊಲೀಸರು ಮನೆಮನೆಗೆ ನುಗ್ಗಿ ಕಪ್ಪುಗಂಡಸರನ್ನು ಎಳೆದೊಯ್ದು ಕೋಟೆ ಕಂದಕದ ಕೆಲಸಕ್ಕೆ ಹಚ್ಚಿದರು. ಪ್ರತಿಭಟನೆಯಾದ ಮೇಲೆ ಅವರನ್ನು ಬಿಟ್ಟು, ಮರ್ಯಾದೆಯಿಂದ ಕರೆದಾಗ ಸುಮಾರು 700 ಜನ ತಾವಾಗಿಯೇ ಬಂದು ದುಡಿದರು. ಆದರೂ ಅವರ ಕೈಗೆ ಬಂದದ್ದು ಗುದ್ದಲಿ. ಗುಲಾಮಗಿರಿಯ ವಿರುದ್ಧ ನಿಂತ ಪಕ್ಷದ ಊರಿನಲ್ಲೇ ಹೀಗೆ. ಗುಲಾಮಗಿರಿ ಹೋದ ಮೇಲೂ ಮಿಸಿಸಿಪ್ಪಿಯ 1865ರ ಕಾನೂನು ಕಪ್ಪುಜನ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಳ್ಳಬಾರದೆಂದಿತು. ಬೇಟೆಯಾಡಿ ಹೊಟ್ಟೆ ತುಂಬಿಸಿಕೊಳ್ಳಬಲ್ಲವನು ಕೂಲಿಗೆ ಅಷ್ಟು ಬೇಗ ತಲೆಬಾಗುವುದಿಲ್ಲ ಎಂಬುದು ಜಮೀನುದಾರರಿಗೆ ಚೆನ್ನಾಗಿ ಗೊತ್ತಿತ್ತು.

4

ವರ್ಜೀನಿಯಾದಲ್ಲಿ ಬ್ರನ್ಸ್‌ವಿಕ್ ಎಂಬ ಜಿಲ್ಲೆಯಿದೆ. ಅಲ್ಲಿಯ ಐತಿಹ್ಯದ ಪ್ರಕಾರ 1828ರಲ್ಲಿ ಶಾಸಕ ಡಾ. ಕ್ರೀಡ್ ಹಾಸ್ಕಿನ್ಸ್ ಗೆಳೆಯರೊಂದಿಗೆ ಬೇಟೆಗೆ ಹೋಗಿದ್ದ. ಬಿಡಾರದಲ್ಲಿ ಉಳಿದ ಕಪ್ಪು ಅಡುಗೆಯವರು ಜಿಮ್ಮಿ ಮ್ಯಾಥ್ಯೂಸ್ ಅಳಿಲು ಹೊಡೆದು ತಂದು, ಬೆಣ್ಣೆ, ಈರುಳ್ಳಿ, ಹಳಸಲು ರೊಟ್ಟಿ, ಮಸಾಲೆ ಹಾಕಿ ನಿಧಾನವಾಗಿ ಬೇಯಿಸಿದರು. ಅದೇ ಮುಂದೆ ದೇಶದಲ್ಲೆಲ್ಲ ಹೆಸರಾದ 'ಬ್ರನ್ಸ್‌ವಿಕ್ ಸ್ಟ್ಯೂ'. ಇಂಥ ಗಟ್ಟಿಸಾರನ್ನು ಮೂಲನಿವಾಸಿಗಳು ಅದಕ್ಕೂ ಮುಂಚೆ ಕುದಿಸುತ್ತಿದ್ದರು ಎಂಬುದು ಬೇರೆ ಮಾತು. 1988ರಲ್ಲಿ ವರ್ಜೀನಿಯಾ ಶಾಸನಸಭೆ ಈ ಸಾರು ಹುಟ್ಟಿದ್ದು ತನ್ನ ನೆಲದಲ್ಲೇ ಎಂದು ನಿರ್ಣಯ ಮಾಡಿತು. ಜಾರ್ಜಿಯಾ ರಾಜ್ಯದ ಬ್ರನ್ಸ್‌ವಿಕ್ ಊರಿನವರು ಇಲ್ಲ, ನಮ್ಮದು, 1898ರದು ಎಂದು ಹಳೆಯ ಕಡಾಯಿಯನ್ನೇ ಸ್ಮಾರಕ ಮಾಡಿ ಇಟ್ಟಿದ್ದಾರೆ. ಈಗ ಆ ಸಾರಿನಲ್ಲಿ ಹೆಚ್ಚಾಗಿ ಕೋಳಿ ಇರುತ್ತದೆ, ಟೊಮೆಟೊ ಇರುತ್ತದೆ. ಅಳಿಲು ಅಪರೂಪ.

ಮ್ಯಾಥ್ಯೂಸ್ ಅವರ ಹೆಸರು ಉಳಿದಿದೆಯಲ್ಲ ಎಂದು ನೀವು ಕೇಳಬಹುದು. ಹೇಗೆ ಉಳಿದಿದೆ ನೋಡಿ: 'ಅಂಕಲ್ ಜಿಮ್ಮಿ'. ದಕ್ಷಿಣದ ಬಿಳಿಯರು ಕಪ್ಪುಗಂಡಸನ್ನು 'ಮಿಸ್ಟರ್' ಎನ್ನುತ್ತಿರಲಿಲ್ಲ. ವಯಸ್ಸಿದ್ದಾಗ 'ಬಾಯ್', ಮುದುಕನಾದಾಗ 'ಅಂಕಲ್'. ನೆಂಟಸ್ತಿಕೆಯ ಪದ, ಆದರೆ ನೆಂಟಸ್ತಿಕೆ ಇಲ್ಲ. ಗೌಡರ ಮನೆಯ ಮೀಸೆ ಮೂಡದ ಹುಡುಗ ನಮ್ಮಜ್ಜನನ್ನು 'ಏನ್ಲಾ' ಅನ್ನುತ್ತಿದ್ದುದನ್ನು ಕೇಳಿ ಬೆಳೆದ ನನಗೆ ಈ ವ್ಯಾಕರಣ ಬೇಗ ಅರ್ಥವಾಗುತ್ತದೆ. ಅದಕ್ಕೇ ಇಲ್ಲಿ ಅವರನ್ನು ಬಹುವಚನದಲ್ಲಿ ಬರೆದಿದ್ದೇನೆ, ಶಾಸಕನನ್ನು ಏಕವಚನದಲ್ಲಿ.

ಇನ್ನೊಂದು ವಿಷಯ. ಸಾರು ರಾಜ್ಯದ ಹೆಮ್ಮೆಯಾಗುತ್ತ ಬಂದಂತೆ ಅಳಿಲು ಅದರಿಂದ ಹೊರಗೆ ಹೋಯಿತು. ಅಳಿಲು ತಿನ್ನುವವರಾಗಿ ಉಳಿದವರು ಗುಡ್ಡಗಾಡಿನ ಬಡಬಿಳಿಯರು, ಬಡಕಪ್ಪುಜನ. 1997ರಲ್ಲಿ ಕೆಂಟಕಿಯ ಕೆಲವು ವೈದ್ಯರು ಅಳಿಲಿನ ಮೆದುಳು ತಿನ್ನುವುದಕ್ಕೂ ಒಂದು ಅಪರೂಪದ ಮೆದುಳುರೋಗಕ್ಕೂ ನಂಟಿರಬಹುದು ಎಂದು ಬರೆದರು. ಅದು ಸಾಬೀತಾಗಲಿಲ್ಲ. ಗೇಲಿಗೆ ಸಾಬೀತು ಬೇಕಿರಲಿಲ್ಲ.

5

ಹಾಗಾದರೆ ನಮ್ಮ ವಿಮರ್ಶೆ ಇದರಿಂದ ಕಲಿಯುವುದೇನು? ಬೂಸಾ ಪ್ರಕರಣ ನೆನಪಿಸಿಕೊಳ್ಳಿ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯವನ್ನು ಬೂಸಾ ಎಂದಾಗ ಅವರು ಬಳಸಿದ್ದೂ ತಿನ್ನುವ ವಸ್ತುವಿನ ಮಾತು: ಇದರಲ್ಲಿ ನಮಗೆ ದಕ್ಕುವ ಕಾಳು ಎಲ್ಲಿದೆ ಎಂಬ ಪ್ರಶ್ನೆ. ಆ ಪ್ರಶ್ನೆಯನ್ನು ಬೇಟೆಯ ಬರವಣಿಗೆಗೂ ಹಾಕಬಹುದು. ಕೋವಿ ಹಿಡಿದವನು ಬರೆದರೆ ಸಾಹಸದ ಕತೆ. ಕಾಡಿಗೆ ನುಗ್ಗಿ ಪ್ರಾಣಿ ಎಬ್ಬಿಸಿದವನು, ಹೊತ್ತು ತಂದವನು, ಸುಲಿದವನು ಅದರಲ್ಲಿ ಒಂದು ಸಾಲಿನ ಆಳು. 1972ರ ವನ್ಯಜೀವಿ ಕಾಯಿದೆಗೆ 1991ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮಲ್ಲಿ ವನ್ಯಪ್ರಾಣಿಗಳ ಬೇಟೆಗೆ ಹೆಚ್ಚುಕಡಿಮೆ ಪೂರ್ತಿ ತಡೆ ಬಿದ್ದಿದೆ. ಅದು ಇರಲಿ, ಪ್ರಾಣಿ ಉಳಿಯಲಿ. ನನ್ನ ತಕರಾರು ನೆನಪಿನ ಬಗ್ಗೆ. ಕೋವಿಯವನ ನೆನಪು ಸಾಹಿತ್ಯ, ಕೇರಿಯವನ ನೆನಪು ತಪ್ಪೊಪ್ಪಿಗೆ, ಇದು ಹೇಗೆ?

ದೇವನೂರ ಮಹಾದೇವರ 'ಒಡಲಾಳ'ದಲ್ಲಿ ಒಂದು ಮೂಟೆ ಕಡಲೆಕಾಯಿ ಬೆಳಗಾಗುವುದರೊಳಗೆ ಸಾಕವ್ವನ ಮನೆಮಂದಿಯ ಹೊಟ್ಟೆ ಸೇರುತ್ತದೆ. ಅದನ್ನು ಹಸಿವೆಂದು ಮಾತ್ರ ಓದಿದವರು ಆ ರಾತ್ರಿಯ ಹಬ್ಬವನ್ನು ಕಳಕೊಂಡರು. ನಮ್ಮ ಹೊಸ ಬರಹಗಾರರು ಊಟದ ಬಗ್ಗೆ ಬರೆಯುವಾಗ ಮರುಕ ಬೇಡುವ ವಾಕ್ಯವನ್ನು ಹೊಡೆದುಹಾಕಿ, ಕಸುಬಿನ ವಾಕ್ಯ ಬರೆಯಲಿ: ಎಲ್ಲಿ ಕುಯ್ಯಬೇಕು, ಎಷ್ಟು ಉರಿ, ಯಾರು ಕಲಿಸಿದರು. ವಿಮರ್ಶಕರು ಪ್ರತಿ ಮಡಕೆಯ ಮುಂದೆ ನಿಂತು ಮೂರು ಪ್ರಶ್ನೆ ಕೇಳಲಿ: ಹಿಡಿದವರು ಯಾರು, ಬೇಯಿಸಿದವರು ಯಾರು, ಹೆಸರು ಯಾರದಾಯಿತು. ನಾಳೆ ನಮ್ಮ ಅಡುಗೆಯೂ 'ಪರಂಪರೆ'ಯ ಹೆಸರಲ್ಲಿ ಆಹಾರ ಮೇಳದ ಮೇಜು ಹತ್ತಬಹುದು. ಆಗ ಮಡಕೆಯ ಮೇಲೆ ಇರಬೇಕಾದ ಹೆಸರುಗಳನ್ನು ಇವತ್ತೇ ಬರೆದಿಟ್ಟುಕೊಳ್ಳಬೇಕಾದವರು ನಾವು. ಪೂರ್ತಿ ಹೆಸರು, ಬಹುವಚನದಲ್ಲಿ.